ಹೊಸ್ತಿಲಲ್ಲಿ ನಿಂತವರ ಉಪವಾಸ

ರಮಝಾನ್ ಬಂತೆಂದರೆ ನಮ್ಮ ಮಸೀದಿಗಳ ಪ್ರವಚನಗಳಲ್ಲಿ ಉಪವಾಸದ ಮಹತ್ವ, ತರಾವೀಹ್‌ನ ಪುಣ್ಯ, ಝಕಾತ್‌ನ ಲೆಕ್ಕಾಚಾರ ಇವೆಲ್ಲ ತಪ್ಪದೆ ಪ್ರಸ್ತಾಪವಾಗುತ್ತವೆ. ಉಪವಾಸ ಆಚರಿಸುವವರ ಬಗ್ಗೆ ಮಾತು ಬರುತ್ತದೆ, ಆಚರಿಸದೆ ತಿರುಗುವವರ ಬಗ್ಗೆಯೂ ಬರುತ್ತದೆ. ಆದರೆ ಈ ಎರಡು ಗುಂಪಿಗೂ ಸೇರದ ಕೆಲವರಿದ್ದಾರೆ. ಅವರು ಮುಸ್ಲಿಮರಲ್ಲ. ಆದರೂ ಮುಂಜಾನೆಯಿಂದ ಸೂರ್ಯಾಸ್ತದವರೆಗೆ ಅನ್ನ ನೀರು ಬಿಟ್ಟು ನೋಡುತ್ತಾರೆ. ಇಸ್ಲಾಮ್ ಅವರ ಮನಸ್ಸನ್ನು ಸೆಳೆದಿದೆ. ಆದರೆ ಕಲಿಮಾ ಉಚ್ಚರಿಸುವ ನಿರ್ಧಾರಕ್ಕೆ ಅವರಿನ್ನೂ ಬಂದಿಲ್ಲ. ಬರುತ್ತಾರೋ ಇಲ್ಲವೋ ಎಂಬುದು ಅವರಿಗೇ ತಿಳಿಯದು. ಇಂಥವರೊಂದಿಗೆ ಹೇಗೆ ನಡೆದುಕೊಳ್ಳಬೇಕು ಎಂಬ ಬಗ್ಗೆ ನಮ್ಮ ಸಮುದಾಯ ಗಂಭೀರವಾಗಿ ಯೋಚಿಸಿಯೇ ಇಲ್ಲ ಎಂದರೆ ಅತಿಶಯೋಕ್ತಿಯಲ್ಲ.

ಚಿಕ್ಕಮಗಳೂರಿನಿಂದ ಬಾಬಾಬುಡನ್‌ಗಿರಿಗೆ ಏರುವ ದಾರಿಯಲ್ಲಿರುವ ಅತ್ತಿಗುಂಡಿಯಂತಹ ಊರಿನ ಒಬ್ಬ ಯುವ ತೋಟ ಕಾರ್ಮಿಕನನ್ನು ಕಲ್ಪಿಸಿಕೊಳ್ಳೋಣ. ಅವನು ಬೆಳೆದದ್ದು ಎಸ್ಟೇಟಿನ ಲೈನ್ ಮನೆಯಲ್ಲಿ. ಪಕ್ಕದ ಮನೆಯ ಮುಸ್ಲಿಮ್ ಕುಟುಂಬದ ಜೊತೆ ಒಡನಾಡಿ ದೊಡ್ಡವನಾಗಿದ್ದಾನೆ. ಕನ್ನಡದಲ್ಲಿ ದೊರೆಯುವ ಕುರ್‌ಆನ್ ಅನುವಾದವನ್ನು ಓದಿದ್ದಾನೆ. ಈ ವರ್ಷ ಉಪವಾಸ ಹಿಡಿದು ನೋಡೋಣವೆಂದು ಅವನಿಗೆ ಅನಿಸಿದೆ. ರಮಝಾನ್ ಪ್ರತಿ ವರ್ಷ ಸುಮಾರು 11 ದಿನ ಹಿಂದಕ್ಕೆ ಸರಿಯುತ್ತದೆ. 2025ರಲ್ಲಿ ನಮ್ಮಲ್ಲಿ ಅದು ಆರಂಭವಾದದ್ದು ಮಾರ್ಚ್ 2ರಂದು. ಕಾಫಿ ಕೊಯ್ಲು ಮುಗಿಯುತ್ತಾ ಬಂದು, ಏಣಿ ಹಾಕಿ ಕಾಳುಮೆಣಸು ಕೊಯ್ಯುವ ಕಾಲ ಅದು. ಬೇಸಗೆಯ ಬಿಸಿಲು ಏರತೊಡಗಿರುತ್ತದೆ. ಅಂತಹ ದಿನಗಳಲ್ಲಿ ಸುಮಾರು ಹದಿಮೂರು ತಾಸು ನೀರನ್ನೂ ಕುಡಿಯದೆ ಮರ ಏರಿ ಇಳಿಯುವುದು ಹುಡುಗಾಟವಲ್ಲ. ಅವನು ಹಾಗೆ ಮಾಡುತ್ತಿರುವುದು ಯಾರ ಮೆಚ್ಚುಗೆಗಾಗಿಯೂ ಅಲ್ಲ. ಪುಸ್ತಕದಲ್ಲಿ ಓದಿದ್ದು ತನ್ನ ದೇಹಕ್ಕೂ ಮನಸ್ಸಿಗೂ ಏನು ಹೇಳುತ್ತದೆಂದು ತಿಳಿಯುವ ಹಂಬಲ ಅವನದು.

ಈಗ ಅವನ ಸುತ್ತಲಿನ ಜಗತ್ತನ್ನು ನೋಡಿ. ಮಧ್ಯಾಹ್ನ ಬುತ್ತಿ ಬಿಚ್ಚದಿದ್ದರೆ ಜೊತೆಗಾರರು ಕೇಳುತ್ತಾರೆ. ಮನೆಯಲ್ಲಿ ತಾಯಿ ಕೇಳುತ್ತಾಳೆ. ಸಂಜೆ ಪಕ್ಕದ ಮನೆಯಲ್ಲಿ ಖರ್ಜೂರ, ಗಂಜಿ ಸ್ವೀಕರಿಸಿದರೆ ಊರಿಗೇ ಸುದ್ದಿಯಾಗುತ್ತದೆ. ಅದರಲ್ಲೂ ಅದು ಗಿರಿಯ ದಾರಿ. ಹದಿನೇಳನೇ ಶತಮಾನದಲ್ಲಿ ಯಮನ್‌ನಿಂದ ಏಳು ಕಾಫಿ ಬೀಜಗಳನ್ನು ತಂದು ಬಿತ್ತಿದರೆಂದು ಜನ ನಂಬುವ ಬಾಬಾ ಬುಡನ್‌ರ ಹೆಸರನ್ನೇ ಆ ಬೆಟ್ಟಸಾಲು ಹೊತ್ತಿದೆ. ಆ ಕಾಫಿಯ ಫಲವನ್ನು ಎಲ್ಲ ಜಾತಿ ಧರ್ಮಗಳ ಜನರೂ ಉಣ್ಣುತ್ತಿದ್ದಾರೆ. ಆದರೆ ದಶಕಗಳಿಂದ ನಡೆದಿರುವ ಗುರು ದತ್ತಾತ್ರೇಯ ಬಾಬಾಬುಡನ್ ಸ್ವಾಮಿ ದರ್ಗಾದ ವಿವಾದವು ಅಲ್ಲಿನ ಗಾಳಿಯನ್ನು ಕೆಡಿಸಿದೆ. ಡಿಸೆಂಬರಿನ ದತ್ತಜಯಂತಿಯ ದಿನಗಳಲ್ಲಿ ಆ ದಾರಿಯುದ್ದಕ್ಕೂ ಪೊಲೀಸ್ ಬಂದೋಬಸ್ತ್ ಇರುತ್ತದೆ. ಅಂತಹ ಊರಿನಲ್ಲಿ ಒಬ್ಬನ ಉಪವಾಸವು ಅವನ ಮತ್ತು ಅಲ್ಲಾಹನ ನಡುವಿನ ಗುಟ್ಟಾಗಿ ಉಳಿಯುವುದು ಕಷ್ಟ. ಅವನು ಬಾಯಿ ತೆರೆಯುವ ಮೊದಲೇ ಇತರರು ಅವನನ್ನು ಒಂದು ಪಕ್ಷಕ್ಕೆ ಸೇರಿಸಿಬಿಡುತ್ತಾರೆ.

ಇಲ್ಲಿ ದೇಶ ಬಾಂಧವರ ಕಡೆಯಿಂದ ಬರುವ ಒತ್ತಡ ಎಲ್ಲರ ಕಣ್ಣಿಗೂ ಬೀಳುತ್ತದೆ. ನಮ್ಮ ಕಡೆಯಿಂದ ಬರುವ ಒತ್ತಡ ಮಾತ್ರ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಇಂಥ ಯುವಕನೊಬ್ಬ ಉಪವಾಸ ಹಿಡಿದಿದ್ದಾನೆಂದು ತಿಳಿದರೆ ನಮ್ಮಲ್ಲಿ ಮೂರು ಬಗೆಯ ಪ್ರತಿಕ್ರಿಯೆಗಳು ಕಾಣಿಸುತ್ತವೆ. ಮೊದಲನೆಯದು ಆತುರ. 'ಇಷ್ಟೆಲ್ಲ ಆದ ಮೇಲೆ ಇನ್ನೇಕೆ ತಡ, ಕಲಿಮಾ ಹೇಳಿಬಿಡು' ಎಂದು ಭುಜ ತಟ್ಟುವವರು ಇವರು. ಎರಡನೆಯದು ಹಾಸ್ಯ. 'ಈಮಾನ್ ಇಲ್ಲದವನ ಉಪವಾಸ ಬರೀ ಹಸಿವು' ಎಂದು ನಕ್ಕುಬಿಡುವವರು ಇವರು. ಮೂರನೆಯದು ಭಯ. 'ನಮಗೇಕೆ ಈ ತಂಟೆ, ನಾಳೆ ಕೇಸಾದರೆ?' ಎಂದು ಬಾಗಿಲು ಹಾಕಿಕೊಳ್ಳುವವರು ಇವರು. ಈ ಮೂರೂ ತಪ್ಪು ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. ಇದು ಕೇವಲ ಸೌಜನ್ಯದ ಪ್ರಶ್ನೆಯಲ್ಲ, ಧರ್ಮದ ಪ್ರಶ್ನೆ.

ಪ್ರವಾದಿ ಮುಹಮ್ಮದ್(ಸ)ರ ಜೀವನದಲ್ಲಿ ಈ ವಿಷಯಕ್ಕೆ ಅತ್ಯಂತ ಹತ್ತಿರವಾದ ಘಟನೆಯೊಂದಿದೆ. ಹಿಜರಿ 9ನೇ ವರ್ಷದ ರಮಝಾನ್‌ನಲ್ಲಿ ತಾಯಿಫ್‌ನ ಸಕೀಫ್ ಗೋತ್ರದ ನಿಯೋಗವು ಮದೀನಾಕ್ಕೆ ಬಂತು. ವರ್ಷಗಳ ಹಿಂದೆ ಪ್ರವಾದಿವರ್ಯರನ್ನು(ಸ) ಕಲ್ಲೆಸೆದು ಊರಿನಿಂದ ಅಟ್ಟಿದ ಊರಿನವರು ಅವರು. ಪ್ರವಾದಿ(ಸ)ರು ಅವರಿಗಾಗಿ ಮಸೀದಿಯಲ್ಲೇ ಡೇರೆ ಹಾಕಿಸಿದರು. ಕುರ್‌ಆನ್ ಪಾರಾಯಣ ಅವರ ಕಿವಿಗೆ ಬೀಳಲಿ, ಜನರು ನಮಾಝ್ ಮಾಡುವುದು ಅವರ ಕಣ್ಣಿಗೆ ಕಾಣಲಿ, ಅವರ ಹೃದಯಗಳು ಮೃದುವಾಗಲಿ ಎಂಬುದು ಅದರ ಉದ್ದೇಶವಾಗಿತ್ತು. ಅವರ ಅಪನಂಬಿಕೆ ಎಷ್ಟಿತ್ತೆಂದರೆ, ಪ್ರವಾದಿ(ಸ)ರ ಮನೆಯಿಂದ ಬಂದ ಊಟವನ್ನು ಮಧ್ಯವರ್ತಿಯಾಗಿದ್ದ ಖಾಲಿದ್ ಬಿನ್ ಸಈದ್(ರ)ರು ಮೊದಲು ತಿಂದು ತೋರಿಸದ ಹೊರತು ಅವರು ಮುಟ್ಟುತ್ತಿರಲಿಲ್ಲವೆಂದು ಚರಿತ್ರೆಕಾರ ಇಬ್ನ್ ಇಸ್‌ಹಾಕ್ ದಾಖಲಿಸಿದ್ದಾರೆ. ಅದಕ್ಕಾಗಿ ಯಾರೂ ಅವರನ್ನು ಗದರಿಸಲಿಲ್ಲ.

ಅವರು ಸುಲಭವಾಗಿ ಒಪ್ಪಲೂ ಇಲ್ಲ. ತಮ್ಮ ಲಾತ್ ದೇವತೆಯನ್ನು ಮೂರು ವರ್ಷ ಹಾಗೇ ಬಿಡಬೇಕೆಂದು ಕೇಳಿದರು. ನಮಾಝ್‌ನಿಂದ ವಿನಾಯಿತಿ ಬೇಡಿದರು. ಪ್ರವಾದಿ(ಸ)ರು ಅವನ್ನು ಒಪ್ಪಲಿಲ್ಲ. ತತ್ವದಲ್ಲಿ ಸಡಿಲಿಕೆಯಿಲ್ಲ, ಆದರೆ ಮನುಷ್ಯರೊಂದಿಗಿನ ವರ್ತನೆಯಲ್ಲಿ ಗಡಸುತನವೂ ಇಲ್ಲ. ಚರ್ಚೆ ದಿನಗಟ್ಟಲೆ ನಡೆಯಿತು. ಕೊನೆಗೆ ಅವರು ಇಸ್ಲಾಮ್ ಸ್ವೀಕರಿಸಿ, ಉಳಿದ ರಮಝಾನ್ ದಿನಗಳ ಉಪವಾಸವನ್ನು ಮದೀನಾದಲ್ಲೇ ಆಚರಿಸಿದರು. ಬಿಲಾಲ್(ರ)ರು ಅವರಿಗೆ ಸಹ್ರಿ ಮತ್ತು ಇಫ್ತಾರ್ ತಂದುಕೊಡುತ್ತಿದ್ದರು. ಬೆಳಗಾಯಿತೇನೋ ಎಂದು ಅವರು ಸಹ್ರಿ ತಿನ್ನಲು ಅನುಮಾನಿಸುತ್ತಿದ್ದರು. ಸೂರ್ಯ ಪೂರ್ತಿ ಮುಳುಗಿಲ್ಲವೇನೋ ಎಂದು ಇಫ್ತಾರ್‌ಗೆ ಹಿಂಜರಿಯುತ್ತಿದ್ದರು. ಬಿಲಾಲ್(ರ)ರು ತಾಳ್ಮೆಯಿಂದ ಅವರಿಗೆ ಧೈರ್ಯ ಹೇಳುತ್ತಿದ್ದರು. ಒಂದು ಕಾಲದಲ್ಲಿ ಮಕ್ಕಾದ ಬಿಸಿ ಮರಳಿನ ಮೇಲೆ ಹಿಂಸೆ ಉಂಡ ಕರಿಯ ಗುಲಾಮ, ತಾಯಿಫ್‌ನ ಕುಲೀನರಿಗೆ ಉಣಬಡಿಸುತ್ತಾ ಹೊತ್ತು ತಿಳಿಸುವ ಆ ದೃಶ್ಯವನ್ನು ನಮ್ಮ ಮಸೀದಿ ಸಮಿತಿಗಳು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಬೇಕು.

ಆತುರಪಡುವವರಿಗೆ ಇನ್ನೊಂದು ಉದಾಹರಣೆಯಿದೆ. ಹಿಜರಿ 8ರಲ್ಲಿ ಮಕ್ಕಾ ವಿಜಯವಾದಾಗ ಕುರೈಶರ ನಾಯಕ ಸಫ್ವಾನ್ ಬಿನ್ ಉಮಯ್ಯಾ ಸಮುದ್ರದ ಕಡೆಗೆ ಓಡಿಹೋದರು. ಅವರಿಗೆ ಅಭಯ ನೀಡಿ ಕರೆತರಲಾಯಿತು. ಯೋಚಿಸಲು ತನಗೆ ಎರಡು ತಿಂಗಳ ಕಾಲಾವಕಾಶ ಬೇಕೆಂದು ಅವರು ಕೇಳಿದರು. ಪ್ರವಾದಿ(ಸ)ರು ನಾಲ್ಕು ತಿಂಗಳು ಕೊಟ್ಟರು. ವಿಜೇತರ ಮುಂದೆ ಸೋತು ನಿಂತವನು ಎರಡು ಕೇಳಿದರೆ ನಾಲ್ಕು ದೊರೆಯಿತು. ಆ ಅವಧಿಯಲ್ಲಿ ಸಫ್ವಾನ್ ಮುಸ್ಲಿಮರಾಗದೆಯೇ ಮುಸ್ಲಿಮರ ಜೊತೆ ಓಡಾಡಿದರು, ಹುನೈನ್ ಯುದ್ಧಕ್ಕೂ ಜೊತೆಯಲ್ಲಿ ಹೋದರು. ಅನಂತರ ಅವರ ಹೃದಯ ತಾನಾಗಿ ತೆರೆಯಿತು. ಯಮಾಮಾದ ನಾಯಕ ಸುಮಾಮಾ ಬಿನ್ ಉಸಾಲ್‌ರ ಪ್ರಸಂಗವೂ ಇದೇ ಬಗೆಯದು. ಸೆರೆಯಾಗಿ ಬಂದ ಅವರನ್ನು ಮೂರು ದಿನ ಮಸೀದಿಯಲ್ಲಿ ಇರಿಸಿ, ಯಾವ ಷರತ್ತೂ ಇಲ್ಲದೆ ಬಿಡುಗಡೆ ಮಾಡಲಾಯಿತು. ಬಿಡುಗಡೆಯಾದ ಮೇಲೆ ಅವರು ಸ್ನಾನ ಮಾಡಿ, ತಾವಾಗಿ ಮರಳಿ ಬಂದು ಇಸ್ಲಾಮ್ ಸ್ವೀಕರಿಸಿದರು. ಬಂಧನದಲ್ಲಿದ್ದಾಗ ಅವರು ಹೇಳದ ಮಾತನ್ನು ಸ್ವಾತಂತ್ರ್ಯ ಹೇಳಿಸಿತು.

ಧರ್ಮದ ವಿಷಯದಲ್ಲಿ ಬಲಾತ್ಕಾರವನ್ನು ಕುರ್‌ಆನಿನ ಅಲ್ ಬಕರಃ ಅಧ್ಯಾಯದ 256ನೇ ವಚನ ತಳ್ಳಿಹಾಕುತ್ತದೆಂಬುದು ನಮಗೆಲ್ಲ ತಿಳಿದಿದೆ. ವೇದಿಕೆಗಳಲ್ಲಿ ಅದನ್ನು ನಾವು ದೇಶ ಬಾಂಧವರಿಗೆ ಹೇಳುತ್ತೇವೆ. ಆದರೆ ಬಲಾತ್ಕಾರಕ್ಕೆ ಖಡ್ಗವೇ ಬೇಕೆಂದಿಲ್ಲ. ಉಪಕಾರದ ಹೊರೆ ಹೊರಿಸುವುದೂ ಒತ್ತಡವೇ. ಹತ್ತು ಜನ ಸುತ್ತ ಕುಳಿತು ಒಬ್ಬನನ್ನು ಒಪ್ಪಿಸಹೊರಡುವುದೂ ಒತ್ತಡವೇ. 'ಇಂದೇ ಸತ್ತರೆ ನಿನ್ನ ಗತಿಯೇನು' ಎಂದು ಹೆದರಿಸುವುದೂ ಒತ್ತಡವೇ. ಅತ್ತೌಬಃ ಅಧ್ಯಾಯದ 6ನೇ ವಚನವು ಇನ್ನೂ ಮುಂದೆ ಹೋಗುತ್ತದೆ. ಆಶ್ರಯ ಕೇಳಿ ಬಂದ ಬಹುದೇವವಿಶ್ವಾಸಿಗೆ ಅಲ್ಲಾಹನ ವಾಣಿ ಕೇಳಿಸುವ ಅವಕಾಶ ಕೊಟ್ಟು, ಅನಂತರ ಅವನನ್ನು ಅವನ ಸುರಕ್ಷಿತ ನೆಲೆಗೆ ತಲುಪಿಸಬೇಕೆಂದು ಅದು ಆದೇಶಿಸುತ್ತದೆ. ಕೇಳಿದ ಮೇಲೆ ಅವನು ಒಪ್ಪಲೇಬೇಕೆಂಬ ಷರತ್ತು ಅಲ್ಲಿಲ್ಲ. ಒಪ್ಪದಿದ್ದರೂ ಅವನನ್ನು ಸುರಕ್ಷಿತವಾಗಿ ತಲುಪಿಸುವ ಹೊಣೆ ನಮ್ಮದು.

ಇನ್ನು ಹಾಸ್ಯ ಮಾಡುವವರ ವಿಚಾರ. ಉಪವಾಸವು ಇಬಾದತ್ ಆಗಿ ಸಿಂಧುವಾಗಲು ವಿಶ್ವಾಸ ಷರತ್ತು ಎಂಬುದು ಫಿಕ್ಹ್‌ನ ಮಾತು, ಅದು ಸರಿ. ಮುಸ್ಲಿಮನಲ್ಲದವನ ಮೇಲೆ ಉಪವಾಸದ ಹೊಣೆಯಿಲ್ಲ. ಅವನು ಮುಂದೆ ಇಸ್ಲಾಮ್ ಸ್ವೀಕರಿಸಿದರೆ ಹಿಂದೆ ಕಳೆದುಹೋದ ರಮಝಾನ್‌ಗಳ ಉಪವಾಸವನ್ನು ತೀರಿಸಬೇಕಾಗಿಯೂ ಇಲ್ಲ. ಆದರೆ ಹಾಗೆಂದ ಮಾತ್ರಕ್ಕೆ ಅವನ ಹಸಿವು ಬರೀ ಹಸಿವಾಗಿಬಿಡುತ್ತದೆಯೇ? ಹಕೀಮ್ ಬಿನ್ ಹಿಝಾಮ್(ರ)ರು ಇದೇ ಪ್ರಶ್ನೆಯನ್ನು ಪ್ರವಾದಿ(ಸ)ರ ಮುಂದೆ ಇಟ್ಟಿದ್ದರು. ಇಸ್ಲಾಮ್‌ಗೆ ಮುನ್ನ ತಾನು ಮಾಡಿದ ದಾನ, ಗುಲಾಮರ ವಿಮೋಚನೆ, ಬಂಧುಗಳ ಸೇವೆ ಇವುಗಳಿಗೆ ಫಲವುಂಟೇ ಎಂದು ಕೇಳಿದರು. ಹಿಂದಿನ ಆ ಒಳಿತುಗಳ ಸಮೇತವೇ ಅವರು ಇಸ್ಲಾಮ್‌ಗೆ ಬಂದಿದ್ದಾರೆ ಎಂಬರ್ಥದ ಉತ್ತರ ಅವರಿಗೆ ದೊರೆಯಿತು. ಬುಖಾರಿ, ಮುಸ್ಲಿಮ್ ಎರಡೂ ಗ್ರಂಥಗಳಲ್ಲಿ ಈ ವರದಿಯಿದೆ. ಸತ್ಯವನ್ನು ಅರಸುತ್ತಾ ಒಬ್ಬ ಇಟ್ಟ ಹೆಜ್ಜೆ ಅಲ್ಲಾಹನ ಬಳಿ ಲೆಕ್ಕಕ್ಕಿಲ್ಲವೆಂದು ತೀರ್ಪು ಕೊಡುವ ಅಧಿಕಾರ ನಮಗೆ ಯಾರು ಕೊಟ್ಟರು?

ಅಂಥವನು ಅರ್ಧ ದಿನಕ್ಕೆ ಉಪವಾಸ ಬಿಟ್ಟರೂ ನಗಬಾರದು. ಉಪವಾಸದ ಆದೇಶ ಬಂದ ಸಂದರ್ಭದಲ್ಲೇ ರೋಗಿಗೂ ಪ್ರಯಾಣಿಕನಿಗೂ ರಿಯಾಯಿತಿ ನೀಡಿ, ಅಲ್ಲಾಹನು ಕಷ್ಟವನ್ನಲ್ಲ, ಸೌಲಭ್ಯವನ್ನು ಬಯಸುತ್ತಾನೆಂದು ಕುರ್‌ಆನ್ ಸ್ಪಷ್ಟಪಡಿಸಿದೆ. ಏಣಿಯ ಮೇಲೆ ತಲೆ ಸುತ್ತಿ ಬಂದರೆ ಇಳಿದು ನೀರು ಕುಡಿ ಎಂದು ಹೇಳಬೇಕಾದವರು ಪಕ್ಕದಲ್ಲಿರುವ ಮುಸ್ಲಿಮರೇ. 'ಇಷ್ಟೂ ಆಗದಿದ್ದರೆ ನೀನೆಂಥ ಮುಸ್ಲಿಮನಾಗುತ್ತೀಯಾ' ಎಂದು ಯಾರಾದರೂ ಚುಚ್ಚಿದರೆ, ಅವನ ಉಪವಾಸಕ್ಕಿಂತ ಚುಚ್ಚಿದವನ ಉಪವಾಸವೇ ಹೆಚ್ಚು ಬಡವಾಗುತ್ತದೆ.

ಮೂರನೆಯದು ಭಯ. ಇದನ್ನು ನಾವು ಹಗುರವಾಗಿ ಕಾಣುತ್ತಿಲ್ಲ. ಈ ಭಯಕ್ಕೆ ಕಾರಣವಿದೆ. ಕರ್ನಾಟಕದಲ್ಲಿ 2022ರ ಮೇ 17ರಂದು ಸುಗ್ರೀವಾಜ್ಞೆಯಾಗಿ ಬಂದು, ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಕಾಯ್ದೆಯಾದ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಕಾನೂನಿನ ಹೆಸರಿಗೂ ಅದರ ಒಳಗಿದ್ದುದಕ್ಕೂ ಸಂಬಂಧವೇ ಇರಲಿಲ್ಲ. ಮತಾಂತರವಾಗಬಯಸುವವನು 30 ದಿನ ಮೊದಲೇ ಜಿಲ್ಲಾಧಿಕಾರಿಗೆ ಘೋಷಣೆ ಸಲ್ಲಿಸಬೇಕು. ಅದನ್ನು ಸೂಚನಾ ಫಲಕದಲ್ಲಿ ಹಾಕಿ ಜನರಿಂದ ಆಕ್ಷೇಪಣೆ ಕರೆಯಬೇಕು. ಮತಾಂತರವಾದ 30 ದಿನಗಳೊಳಗೆ ಮತ್ತೆ ಘೋಷಣೆ ಕೊಡಬೇಕು. ದೂರು ಕೊಡುವ ಹಕ್ಕು ತಂದೆ ತಾಯಿ, ಒಡಹುಟ್ಟಿದವರಿಗಷ್ಟೇ ಅಲ್ಲ, ಸಹೋದ್ಯೋಗಿಗೂ ಇದೆ. ತಪ್ಪು ಮಾಡಿಲ್ಲವೆಂದು ಸಾಬೀತುಪಡಿಸುವ ಹೊರೆ ಆರೋಪಿಯ ಮೇಲೆಯೇ. ಶಿಕ್ಷೆ ಮೂರರಿಂದ ಐದು ವರ್ಷ; ಮತಾಂತರವಾದವರು ಅಪ್ರಾಪ್ತರು, ಮಹಿಳೆ ಅಥವಾ ಪರಿಶಿಷ್ಟ ಜಾತಿ, ಪಂಗಡದವರಾಗಿದ್ದರೆ ಹತ್ತು ವರ್ಷದವರೆಗೂ. ಪ್ರಬುದ್ಧ ಮಹಿಳೆಯನ್ನೂ ದಲಿತರನ್ನೂ ಸ್ವಂತ ಬುದ್ಧಿಯಿಲ್ಲದ ಮಕ್ಕಳ ಸಾಲಿನಲ್ಲಿ ನಿಲ್ಲಿಸಿದ ಈ ವರ್ಗೀಕರಣವು ಅವರಿಗೆ ಮಾಡಿದ ಅವಮಾನ. 2023ರ ಜೂನ್‌ನಲ್ಲಿ ಹೊಸ ಸರಕಾರದ ಸಚಿವ ಸಂಪುಟವು ಇದನ್ನು ರದ್ದುಪಡಿಸುವ ತೀರ್ಮಾನ ಕೈಗೊಂಡಿತು. ಆದರೆ ಕಾನೂನು ಬಿತ್ತಿದ ಭೀತಿ ಸಂಪುಟದ ತೀರ್ಮಾನದಿಂದ ಅಳಿಸಿಹೋಗುವಂಥದ್ದಲ್ಲ.

ಈ ಬಗೆಯ ಕಾನೂನುಗಳ ಮೂಲ ದೋಷವೇನೆಂದರೆ, ಮನುಷ್ಯನ ಹಿಂಜರಿಕೆಗೆ ಅಲ್ಲಿ ಜಾಗವೇ ಇಲ್ಲ. ವಿಶ್ವಾಸ ಬದಲಾಗುವುದು ಜಮೀನು ನೋಂದಣಿಯಂತೆ ಒಂದು ದಿನಾಂಕದಂದು ಆಗುವ ಕೆಲಸವೆಂದು ಅವು ಭಾವಿಸುತ್ತವೆ. ಇಂದು ಒಲಿದ ಮನಸ್ಸು ನಾಳೆ ಅನುಮಾನಿಸುತ್ತದೆ, ನಾಡಿದ್ದು ಮತ್ತೆ ಒಲಿಯುತ್ತದೆ. ಇಂತಹ ಹೊಯ್ದಾಟದಲ್ಲಿರುವವನ ಹೆಸರನ್ನು ಫಲಕದಲ್ಲಿ ಹಾಕಿದರೆ ಅವನು ಮುಂದೆ ಹೋಗಲಾರ, ಹಿಂದೆ ಬರಲೂ ಆರ. ಹಿಮಾಚಲ ಪ್ರದೇಶದ ಹೈಕೋರ್ಟ್ 2012ರ ಆಗಸ್ಟ್‌ನಲ್ಲಿ ಅಲ್ಲಿನ ಕಾಯ್ದೆಯ ಪೂರ್ವ ಸೂಚನೆಯ ನಿಯಮವನ್ನು ರದ್ದುಪಡಿಸಿದಾಗ, ತನ್ನ ನಂಬಿಕೆಯನ್ನು ಖಾಸಗಿಯಾಗಿಟ್ಟುಕೊಳ್ಳುವ ಹಕ್ಕನ್ನು ಎತ್ತಿಹಿಡಿಯಿತು. ಕೇರಳದ ಹಾದಿಯಾ ಪ್ರಕರಣದಲ್ಲಿ ಸುಪ್ರೀಮ್ ಕೋರ್ಟ್ 2018ರಲ್ಲಿ ನೀಡಿದ ತೀರ್ಪು ಕೂಡ ವಿಶ್ವಾಸದ ಆಯ್ಕೆ ವ್ಯಕ್ತಿಯ ಸ್ವಂತಿಕೆಗೆ ಸೇರಿದ್ದೆಂದು ಮನಗಾಣಿಸಿತು. ಸಂವಿಧಾನದ 25ನೇ ವಿಧಿ ಆತ್ಮಸಾಕ್ಷಿಯ ಸ್ವಾತಂತ್ರ್ಯವನ್ನು ಮೊದಲಿಗೆ ಹೇಳಿ, ಅನಂತರ ಧರ್ಮಪ್ರಚಾರದ ಮಾತೆತ್ತುತ್ತದೆ. ಆತ್ಮಸಾಕ್ಷಿಯ ಸ್ವಾತಂತ್ರ್ಯವೆಂದರೆ ಅನುಮಾನಿಸುವ ಸ್ವಾತಂತ್ರ್ಯವೂ ಹೌದು.

ಹಾಗಾದರೆ ಭಯಪಟ್ಟು ಬಾಗಿಲು ಮುಚ್ಚಬೇಕೆ? ಖಂಡಿತ ಇಲ್ಲ. ಅಬಸ ಅಧ್ಯಾಯದ ಆರಂಭದ ವಚನಗಳು ಅವತೀರ್ಣವಾದ ಸಂದರ್ಭವನ್ನು ನೆನಪಿಸಿಕೊಳ್ಳಿ. ಕುರೈಶ್ ಮುಖಂಡರೊಂದಿಗೆ ಪ್ರವಾದಿ(ಸ)ರು ಮಾತಾಡುತ್ತಿದ್ದಾಗ ಕಲಿಯಲು ಹಂಬಲಿಸಿ ಬಂದ ಅಂಧ ವ್ಯಕ್ತಿ ಅಬ್ದುಲ್ಲಾ ಬಿನ್ ಉಮ್ಮಿ ಮಕ್ತೂಮ್(ರ)ರ ಕಡೆಗೆ ಗಮನ ಹರಿಯದಿದ್ದುದಕ್ಕೆ ಅಲ್ಲಾಹನು ಪ್ರವಾದಿ(ಸ)ರನ್ನೇ ಎಚ್ಚರಿಸಿದನು. ನಮ್ಮ ಇಫ್ತಾರ್ ಕೂಟಗಳನ್ನು ಈ ಕನ್ನಡಿಯಲ್ಲಿ ನೋಡಿಕೊಳ್ಳೋಣ. ಶಾಸಕರಿಗೆ, ಅಧಿಕಾರಿಗಳಿಗೆ, ಉದ್ಯಮಿಗಳಿಗೆ ಮುಂದಿನ ಸಾಲಿನ ಕುರ್ಚಿಗಳು ಸಿದ್ಧವಾಗಿರುತ್ತವೆ. ಫೋಟೋ ತೆಗೆಯಲಾಗುತ್ತದೆ, ಪತ್ರಿಕೆಗೆ ಕಳುಹಿಸಲಾಗುತ್ತದೆ. ದಿನವಿಡೀ ಹಸಿದಿದ್ದು, ಏನನ್ನೋ ಕೇಳಬೇಕೆಂದು ಬಂದು ಬಾಗಿಲ ಬಳಿ ನಿಂತ ಲೈನ್ ಮನೆಯ ಹುಡುಗನನ್ನು ಒಳಗೆ ಕರೆಯುವವರು ಯಾರು? ಸೌಹಾರ್ದದ ಇಫ್ತಾರ್ ಬೇಡವೆಂದು ನಾವು ಹೇಳುತ್ತಿಲ್ಲ. ಹಸಿದವನಿಗಿಂತ ಉಂಡವನಿಗೆ ಅಲ್ಲಿ ಹೆಚ್ಚು ಮರ್ಯಾದೆ ಸಿಗಬಾರದೆಂದಷ್ಟೇ ನಮ್ಮ ಮಾತು.

ಕಾನೂನಿನ ವಿಷಯದಲ್ಲಿ ನಮ್ಮ ಸಲಹೆ ಸರಳ. ಹಸಿದವನೊಂದಿಗೆ ಖರ್ಜೂರ ಹಂಚಿಕೊಳ್ಳುವುದು ನೆರೆಹೊರೆಯ ಧರ್ಮ. ಅದಕ್ಕೆ ಪ್ರತಿಫಲವಾಗಿ ಏನನ್ನೂ ಕೇಳಬಾರದು. ಕೆಲಸ, ಹಣ, ಮದುವೆ ಇವುಗಳ ಆಸೆಯನ್ನು ಧರ್ಮದ ಮಾತಿನೊಂದಿಗೆ ಬೆರೆಸಬಾರದು. ಇದು ಪೊಲೀಸರ ಭಯಕ್ಕಾಗಿ ಪಾಲಿಸಬೇಕಾದ ಎಚ್ಚರಿಕೆಯಲ್ಲ. ಆಮಿಷದಿಂದ ಬಂದ ವಿಶ್ವಾಸವನ್ನು ಅಲ್ಲಾಹನೇ ವಿಶ್ವಾಸವೆಂದು ಎಣಿಸುವುದಿಲ್ಲ. ಅದರಲ್ಲೂ ಮದುವೆಯ ಒಂದೇ ಕಾರಣಕ್ಕೆ ಒಂದು ಸಂಜೆಯಲ್ಲಿ ಕಲಿಮಾ ಹೇಳಿಸಿ, ಮರುದಿನದಿಂದ ಆ ಹೆಣ್ಣು ಅಥವಾ ಗಂಡಿಗೆ ನಮಾಝ್‌ನ ಒಂದಕ್ಷರವನ್ನೂ ಕಲಿಸದಿರುವ ನಮ್ಮ ಪದ್ಧತಿಯು ಧರ್ಮಕ್ಕೂ ಅನ್ಯಾಯ, ಆ ವ್ಯಕ್ತಿಗೂ ಅನ್ಯಾಯ.

ಹೊಸ್ತಿಲಲ್ಲಿ ನಿಂತವನ ಹಿಂಜರಿಕೆಗೆ ಕಾರಣಗಳೇನು ಎಂಬುದನ್ನೂ ಅರಿಯಬೇಕು. ಕೆಲವು ಬೌದ್ಧಿಕ ಸಂದೇಹಗಳಿರುತ್ತವೆ. ಅವಕ್ಕೆ ಉತ್ತರಿಸಬಲ್ಲ ವಿದ್ವಾಂಸರು ನಮ್ಮಲ್ಲಿದ್ದಾರೆ. ಕೆಲವು ಬದುಕಿನ ಪ್ರಶ್ನೆಗಳಿರುತ್ತವೆ. ಕಾಫಿ ತೋಟದ ಕಾರ್ಮಿಕರಲ್ಲಿ ದಲಿತರು ಬಹಳ. 1950ರ ರಾಷ್ಟ್ರಪತಿ ಆದೇಶದಂತೆ ಪರಿಶಿಷ್ಟ ಜಾತಿಯವನೊಬ್ಬ ಇಸ್ಲಾಮ್ ಸ್ವೀಕರಿಸಿದರೆ ಆ ಸ್ಥಾನಮಾನವನ್ನು ಕಳೆದುಕೊಳ್ಳುತ್ತಾನೆ. 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ಆ ಸೌಲಭ್ಯ ವಿಸ್ತರಿಸಲ್ಪಟ್ಟಿತು. ಮುಸ್ಲಿಮರಿಗೂ ಕ್ರೈಸ್ತರಿಗೂ ವಿಸ್ತರಿಸಲಿಲ್ಲ. ತನ್ನ ಮಕ್ಕಳ ಓದು, ಉದ್ಯೋಗದ ಹಾದಿ ಮುಚ್ಚಿಹೋಗುತ್ತದೆಂದು ಒಬ್ಬ ತಂದೆ ಯೋಚಿಸಿದರೆ ಅವನನ್ನು ದುರ್ಬಲ ಮನಸ್ಸಿನವನೆಂದು ಕರೆಯಲಾದೀತೇ? ಡಾ. ಅಂಬೇಡ್ಕರ್ ಅವರು 1935ರ ಅಕ್ಟೋಬರ್ 13ರಂದು ಯೇವಲಾದಲ್ಲಿ ತಾನು ಹಿಂದೂವಾಗಿ ಸಾಯುವುದಿಲ್ಲವೆಂದು ಘೋಷಿಸಿದರು. ನಾಗಪುರದಲ್ಲಿ ಬೌದ್ಧಧರ್ಮ ಸ್ವೀಕರಿಸಿದ್ದು 1956ರ ಅಕ್ಟೋಬರ್ 14ರಂದು. ನಡುವೆ 21 ವರ್ಷಗಳು. ಆ ಅವಧಿಯಲ್ಲಿ ಇಸ್ಲಾಮ್ ಸೇರಿದಂತೆ ಹಲವು ಧರ್ಮಗಳನ್ನು ಅವರು ತೂಗಿ ನೋಡಿದರು. ಅಷ್ಟು ದೊಡ್ಡ ವಿದ್ವಾಂಸರಿಗೆ 21 ವರ್ಷ ಬೇಕಾದರೆ, ಮೆಣಸು ಕೊಯ್ಯುವ ಹುಡುಗನಿಗೆ ಒಂದು ರಮಝಾನ್ ಸಾಲದೆಂದು ನಾವೇಕೆ ಮುನಿಯಬೇಕು?

ಆದರೆ ಹಿಂಜರಿಕೆಗೆ ಇನ್ನೊಂದು ಕಾರಣವಿದೆ. ಅದನ್ನು ಹೇಳಲು ನಾಲಿಗೆ ತಡವರಿಸುತ್ತದೆ. ಆ ಕಾರಣ ನಾವೇ. ಸಮಾನತೆಯ ಸಂದೇಶ ಓದಿ ಬಂದವನು ನಮ್ಮ ನಡುವಿನ ಜಾತಿಯಂತಹ ಭೇದಗಳನ್ನು ಕಾಣುತ್ತಾನೆ. ನಮಾಝ್‌ನಲ್ಲಿ ಹೆಗಲಿಗೆ ಹೆಗಲು ತಾಗಿಸಿ ನಿಂತವರೇ ಹೆಣ್ಣು ಕೊಡುವ ಮಾತು ಬಂದಾಗ 'ಹೊಸಬ' ಎಂದು ಹಿಂದೆ ಸರಿಯುವುದನ್ನು ಕಾಣುತ್ತಾನೆ. ವರದಕ್ಷಿಣೆಯ ಚೌಕಾಶಿ, ವ್ಯಾಪಾರದ ಸುಳ್ಳು, ಜಮಾಅತ್‌ಗಳ ಜಗಳ ಎಲ್ಲವನ್ನೂ ಕಾಣುತ್ತಾನೆ. ಹಗಲೆಲ್ಲ ಉಪವಾಸವಿದ್ದು ಸಂಜೆ ಕೂಲಿಯಾಳಿನ ಸಂಬಳದಲ್ಲಿ ಹತ್ತು ರೂಪಾಯಿ ಹಿಡಿಯುವವನನ್ನೂ ಕಾಣುತ್ತಾನೆ. ಹಸಿದವನ ಕಣ್ಣು ತೀಕ್ಷ್ಣ. ಅವನು ನಮ್ಮ ಪುಸ್ತಕವನ್ನು ಓದಿ ಹತ್ತಿರ ಬಂದವನು. ನಮ್ಮ ಬದುಕನ್ನು ಓದಿ ದೂರ ಹೋದರೆ ಉತ್ತರ ಕೊಡಬೇಕಾದವರು ಯಾರು?

ಇಲ್ಲಿ ಒಂದು ತಪ್ಪು ಕಲ್ಪನೆಗೆ ಎಡೆಯಾಗಬಾರದು. ಹಿಂಜರಿಯುವವನನ್ನು ಅವಸರಪಡಿಸಬಾರದೆಂದರೆ, ನಿರ್ಧರಿಸಿ ಬಂದವನನ್ನು ಕಾಯಿಸಬಹುದೆಂದು ಅರ್ಥವಲ್ಲ. ಇಸ್ಲಾಮ್ ಸ್ವೀಕರಿಸಲು ಬಯಸಿ ಬಂದವನನ್ನು ಸ್ನಾನದ ನೆಪದಿಂದಲೂ ತಡೆದು ನಿಲ್ಲಿಸಕೂಡದೆಂದು ಇಮಾಮ್ ನವವಿ ಕಠಿಣವಾಗಿ ಎಚ್ಚರಿಸಿದ್ದಾರೆ. ಎರಡು ಸ್ಥಿತಿಗಳ ವ್ಯತ್ಯಾಸ ಅರಿಯುವ ವಿವೇಕ ನಮಗೆ ಬೇಕು. ಕುರ್‌ಆನನ್ನು ಇಂಗ್ಲಿಷಿಗೆ ತಂದ ಮುಹಮ್ಮದ್ ಮಾರ್ಮಡ್ಯೂಕ್ ಪಿಕ್ತಾಲ್‌ರ ಜೀವನದಲ್ಲಿ ಇದಕ್ಕೊಂದು ನಿದರ್ಶನವಿದೆ. ಹದಿಹರೆಯ ದಾಟುವ ವಯಸ್ಸಿನಲ್ಲಿ ಡಮಾಸ್ಕಸ್‌ನಲ್ಲಿದ್ದಾಗ ಅವರು ಇಸ್ಲಾಮ್ ಸ್ವೀಕರಿಸಲು ಮುಂದಾದರು. ಉಮಯ್ಯಾ ಮಸೀದಿಯ ಹಿರಿಯ ವಿದ್ವಾಂಸರು, ಊರಿನಲ್ಲಿರುವ ತಾಯಿಯನ್ನು ನೆನೆದುಕೋ, ಇನ್ನಷ್ಟು ಬೆಳೆದು ಯೋಚಿಸು ಎಂಬರ್ಥದ ಬುದ್ಧಿ ಹೇಳಿದರು. ಆ ಹಿರಿಯರು ಅವರಲ್ಲಿ ಕಂಡದ್ದು ಗಟ್ಟಿಯಾದ ನಿರ್ಧಾರವನ್ನಲ್ಲ, ಯೌವನದ ಆವೇಶವನ್ನು ಎಂದು ತೋರುತ್ತದೆ. ಪಿಕ್ತಾಲ್ ಲಂಡನ್‌ನಲ್ಲಿ ಬಹಿರಂಗವಾಗಿ ಇಸ್ಲಾಮ್ ಘೋಷಿಸಿದ್ದು 1917ರಲ್ಲಿ, ತಮ್ಮ ನಲ್ವತ್ತರ ವಯಸ್ಸು ದಾಟಿದ ಮೇಲೆ. ಬಳಿಕ ನಿಝಾಮರ ಹೈದರಾಬಾದ್‌ಗೆ ಬಂದು ಶಾಲೆಯ ಪ್ರಾಂಶುಪಾಲರಾದರು. 1930ರಲ್ಲಿ ಅವರ ಕುರ್‌ಆನ್ ಅನುವಾದ ಹೊರಬಂತು. ಡಮಾಸ್ಕಸ್‌ನ ಆ ವೃದ್ಧರು ಒಂದು ಹೆಸರನ್ನು ಪಟ್ಟಿಗೆ ಸೇರಿಸುವ ಆತುರ ತೋರಲಿಲ್ಲ. ಅವರು ಹಾಗೆ ಕಳುಹಿಸಿದ ಯುವಕ ಹಗೆಯಾಗಿ ಹೋಗಲಿಲ್ಲ, ಸ್ನೇಹಿತನಾಗಿ ಹೋಗಿ ಸಹೋದರನಾಗಿ ಮರಳಿದ.

ತಾಯಿಯ ಮಾತು ಬಂದುದರಿಂದ ಇನ್ನೊಂದು ವಿಷಯ ಹೇಳಲೇಬೇಕು. ಇಸ್ಲಾಮ್ ಸ್ವೀಕರಿಸಬೇಕಾದರೆ ಮನೆಮಂದಿಯನ್ನು ಬಿಡಬೇಕೆಂಬ ಭಾವನೆ ಬಹಳ ಜನರಲ್ಲಿದೆ. ದುರದೃಷ್ಟವಶಾತ್ ನಮ್ಮಲ್ಲೂ ಕೆಲವರು ಹಾಗೆ ನಡೆದುಕೊಳ್ಳುತ್ತಾರೆ. ಲುಕ್ಮಾನ್ ಅಧ್ಯಾಯದ 15ನೇ ವಚನವು, ಬಹುದೇವಾರಾಧನೆಗೆ ಒತ್ತಾಯಿಸುವ ತಂದೆ ತಾಯಿಯ ಆ ಒಂದು ಮಾತನ್ನು ಮಾತ್ರ ಮೀರಿ, ಲೋಕ ವ್ಯವಹಾರದಲ್ಲಿ ಅವರೊಂದಿಗೆ ಒಳ್ಳೆಯ ರೀತಿಯಲ್ಲಿ ಬಾಳಲು ಕಲಿಸುತ್ತದೆ. ಇನ್ನೂ ಮುಸ್ಲಿಮಳಾಗದ ತಾಯಿ ತನ್ನನ್ನು ನೋಡಲು ಬಂದಾಗ ಅವಳೊಂದಿಗೆ ಸಂಬಂಧ ಜೋಡಿಸಲು ಅಸ್ಮಾ(ರ)ರಿಗೆ ಪ್ರವಾದಿ(ಸ)ರು ಅಪ್ಪಣೆ ಕೊಟ್ಟರು. ಹಿಂಜರಿಯುವ ಯುವಕನಿಗೆ ಇದನ್ನು ಮೊದಲು ತಿಳಿಸಬೇಕು. ಉಪವಾಸದ ಸಂಜೆ ಅವನು ನಮ್ಮ ಮನೆಗೆ ಬಂದರೆ ಖರ್ಜೂರ ಕೊಟ್ಟು, 'ಅಮ್ಮನಿಗೆ ತಿಳಿಸಿದ್ದೀಯಾ? ರಾತ್ರಿ ಊಟ ಅವಳ ಕೈಯಿಂದಲೇ ಮಾಡು' ಎಂದು ಕಳುಹಿಸುವ ಮುಸ್ಲಿಮ್ ಗೃಹಿಣಿ ಹತ್ತು ಪ್ರವಚನಗಳಿಗೆ ಸಮಾನ.

ಕೊನೆಯದಾಗಿ ನಮ್ಮ ಜಮಾಅತ್‌ಗಳ ಗಮನಕ್ಕೆ ಕೆಲವು ಮಾತುಗಳು. ಕೇಳಲು ಬಂದವನೊಂದಿಗೆ ಶಾಂತವಾಗಿ ಕುಳಿತು ಕನ್ನಡದಲ್ಲಿ ಮಾತಾಡಬಲ್ಲ ಒಬ್ಬರಾದರೂ ಪ್ರತಿ ಮಸೀದಿಯಲ್ಲಿರಲಿ. ಅವನು ಬಂದುಹೋದ ಸುದ್ದಿ ಮಸೀದಿಯ ಮೆಟ್ಟಿಲು ಇಳಿಯದಿರಲಿ. ಯಾರದೇ ಶಹಾದತನ್ನು ಮೊಬೈಲ್‌ನಲ್ಲಿ ಚಿತ್ರೀಕರಿಸಿ ವಾಟ್ಸಾಪ್‌ನಲ್ಲಿ ಹಂಚುವ ಕೆಟ್ಟ ಚಾಳಿ ಇಂದೇ ನಿಲ್ಲಲಿ. ನಮಗೆ ಕ್ಷಣದ ಹೆಮ್ಮೆಯಾದದ್ದು ಅವನ ಕುಟುಂಬಕ್ಕೆ ವರ್ಷಗಳ ಸಂಕಟವಾಗಬಲ್ಲದು. ಅರ್ಥ ಕೆಟ್ಟದಾಗಿರದ ಹೆಸರನ್ನು ಬದಲಿಸಬೇಕೆಂಬ ಹಠ ಬೇಡ. ಬಹುತೇಕ ಸಹಾಬಿಗಳು ತಮ್ಮ ಹಳೆಯ ಹೆಸರುಗಳಲ್ಲೇ ಸ್ವರ್ಗದ ಸುವಾರ್ತೆ ಪಡೆಯುವಷ್ಟು ಎತ್ತರಕ್ಕೇರಿದರು. ನಿರ್ಧರಿಸಿ ಬಂದವನಿಗೆ ಕಾನೂನಿನ ಕ್ರಮವನ್ನು ಮುಚ್ಚಿಡದೆ ತಿಳಿಸಿ, ವಕೀಲರ ನೆರವು ಒದಗಿಸಿ. ಹೃದಯ ಒಲಿಸಬೇಕಾದವರಿಗೆ ಝಕಾತ್‌ನಲ್ಲಿ ಪಾಲು ಇಟ್ಟ ಧರ್ಮ ನಮ್ಮದು. ಬಂದವನು ಮನೆ, ಕೆಲಸ ಕಳೆದುಕೊಂಡರೆ ಅವನ ಕೈ ಹಿಡಿಯಲು ಬೈತುಲ್ ಮಾಲ್‌ನಲ್ಲಿ ಏನಿದೆಯೆಂದು ಈಗಲೇ ನೋಡಿಕೊಳ್ಳಿ.

ಇಷ್ಟೆಲ್ಲ ಆದ ಬಳಿಕವೂ ಅವನು ಹಿಂದಿರುಗಿ ಹೋಗಬಹುದು. ರಮಝಾನ್ ಮುಗಿದ ಮೇಲೆ, 'ನನಗೆ ಇದು ಸರಿಹೋಗಲಿಲ್ಲ, ಮನಸ್ಸು ಒಪ್ಪಲಿಲ್ಲ' ಎನ್ನಬಹುದು. ನಮ್ಮ ನಿಜವಾದ ಪರೀಕ್ಷೆ ಇರುವುದು ಅಲ್ಲಿ. ಈದ್ ದಿನ ಅವನ ಮನೆಗೂ ಮೊದಲಿನಂತೆಯೇ ತಟ್ಟೆ ಹೋಗುತ್ತದೆಯೇ? ಮುಂದಿನ ವರ್ಷ ಅವನ ತಂಗಿಯ ಮದುವೆಗೆ ನಾವು ನಗುಮುಖದಿಂದ ಹೋಗುತ್ತೇವೆಯೇ? ಹೋಗದಿದ್ದರೆ, ಅಷ್ಟು ದಿನ ನಾವು ತೋರಿದ್ದು ಪ್ರೀತಿಯಲ್ಲ, ವ್ಯಾಪಾರ ಎಂದು ಅವನು ತೀರ್ಮಾನಿಸಿದರೆ ತಪ್ಪೇನು? ಮಾರ್ಗದರ್ಶನ ಮಾಡುವವನು ಅಲ್ಲಾಹನು. ನಮಗೆ ವಹಿಸಲಾದದ್ದು ನೆನಪಿಸುವ ಕೆಲಸ ಮಾತ್ರ, ಯಾರ ಮೇಲೂ ಅಧಿಕಾರ ಚಲಾಯಿಸುವುದಲ್ಲ. ಹೃದಯದ ಬೀಗದ ಕೈ ನಮ್ಮ ಬಳಿಯಿಲ್ಲ. ನಮ್ಮ ಬಳಿ ಇರುವುದು ನಮ್ಮ ಮನೆಯ ಬಾಗಿಲು, ನಮ್ಮ ಅಂಗಡಿಯ ತಕ್ಕಡಿ, ನಮ್ಮ ನಾಲಿಗೆ. ಈ ರಮಝಾನ್‌ನಲ್ಲಿ ಅಷ್ಟನ್ನು ಶುದ್ಧವಾಗಿಟ್ಟುಕೊಂಡರೆ ನಮ್ಮ ಉಪವಾಸವೂ ಸಾರ್ಥಕವಾದೀತು, ಹೊಸ್ತಿಲಲ್ಲಿ ನಿಂತವನಿಗೆ ಒಳಗಿನ ಬೆಳಕು ಕಾಣುವುದಕ್ಕೂ ಅಡ್ಡಿಯಾಗದು. ಅಲ್ಲಾಹನು ನಮ್ಮೆಲ್ಲರಿಗೂ ಆ ವಿವೇಕವನ್ನು ಕರುಣಿಸಲಿ.